ಮುದಿರಾಣಿಯ ಕನ್ನಡಕ

ನಮ್ಮ ಕನ್ನಡಕದಂಗಡಿಯವನು ಧಾರಾವಾಹಿ ನೋಡುವವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅವನೂ ಸಿಕ್ಕಸಿಕ್ಕವರಿಗೆಲ್ಲ ಮೊದಲು ಇದನ್ನೇ ಹೇಳುತ್ತಿದ್ದ. ರಾತ್ರಿ ಎಂಟೂವರೆಗೆ ಅವನು ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ, ಅಷ್ಟೆ. ಕುರ್ಚಿ ಟಿವಿಯ ಕಡೆಗೆ ತಿರುಗಿದ್ದರೆ ಅದು ಕುರ್ಚಿಯ ತಪ್ಪು. (ಅರ್ಧ ಗಂಟೆ ಪೇಪರು ಒಂದೇ ಪುಟದಲ್ಲಿ ನಿಂತಿರುತ್ತಿತ್ತು, ಜಾಹೀರಾತು ಬಂದಾಗ ಮಾತ್ರ ಪುಟ ತಿರುಗುತ್ತಿತ್ತು. ಹೆಂಡತಿ ಇದನ್ನು ಗಮನಿಸಿದ್ದಳು. ಅವಳು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತೆ. ಕಚೇರಿಯಲ್ಲಿ ದೂರು ಸ್ವೀಕಾರ, ಮನೆಯಲ್ಲಿ ದೂರು ವಿತರಣೆ.)

ಅವನು ನೋಡದ ಆ ಧಾರಾವಾಹಿಯ ಹೆಸರು ‘ಏಳು ಬೀಗದ ಅರಮನೆ’. ಅರಮನೆಗೆ ಯಾರೋ ಶಾಪ ಹಾಕಿದ್ದಾರೆ. ರಾಜಕುಮಾರ ಕಲ್ಲಾಗಿದ್ದಾನೆ, ತೋಟದಲ್ಲಿ ಹೂ ಬಿಡುವುದಿಲ್ಲ, ಅಡುಗೆಯವನಿಗೆ ನಾಲಗೆಯ ರುಚಿಯೇ ಹೋಗಿದೆ. ಹಾಕಿದವರು ಯಾರು ಅನ್ನುವುದು ಇನ್ನೂರು ಕಂತು ಕಳೆದರೂ ಗೊತ್ತಾಗಿಲ್ಲ. ಮಾತಾಡುವ ಕನ್ನಡಿಯ ಮೇಲೆ ಕೆಲವರಿಗೆ ಅನುಮಾನ, ಗಿಳಿಯ ಮೇಲೆ ಕೆಲವರಿಗೆ. ಮೂಲೆಯಲ್ಲಿ ಕೂತು, ಬಾಯಿ ಬಿಡದೆ, ಎಲ್ಲರನ್ನೂ ಸುಮ್ಮನೆ ನೋಡುವ ಒಬ್ಬ ಮುದಿರಾಣಿಯೂ ಇದ್ದಾಳೆ. ಇದನ್ನೆಲ್ಲ ಚರ್ಚಿಸುವುದಕ್ಕೆಂದೇ ಫೋನಿನಲ್ಲಿ ‘ಬೀಗದಕೈ ಬಳಗ’ ಎಂಬ ಗುಂಪು, ಆ ಗುಂಪಿನಲ್ಲಿ ‘ಹದ್ದಿನ ಕಣ್ಣು’ ಎಂಬ ಗುಪ್ತನಾಮದ ಒಬ್ಬ ಮಹಾಮೀಮಾಂಸಕ. ಆ ಮೀಮಾಂಸಕ ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹದ್ದಿನ ಕಣ್ಣಿನ ಸಿದ್ಧಾಂತ ಸರಳವಾಗಿತ್ತು. ‘ಮಂತ್ರ ಹೇಳುವವರು ಇನ್ನೂ ಕಲಿಯುತ್ತಿರುವವರು. ಪಳಗಿದ ಮಾಟಗಾತಿ ಸುಮ್ಮನೆ ನೋಡುತ್ತಾಳೆ. ಮೌನವೇ ಶಾಪ. ಹಾಕಿದವಳು ಮುದಿರಾಣಿ.’ ಇದಕ್ಕೆ ಬಳಗದಲ್ಲಿ ಸಿಕ್ಕಿದ್ದು ಮೂರೇ ಮೂರು ಮೆಚ್ಚುಗೆಯ ಹೆಬ್ಬೆಟ್ಟು, ಅದರಲ್ಲೊಂದು ಅವನದೇ. ಮೀಮಾಂಸಕನಿಗೆ ಅವಮಾನವಾಯಿತು. ಸಾಕ್ಷಿ ಬೇಕೇನ್ರೋ, ತಗೊಳ್ಳಿ, ಎಂದುಕೊಂಡು ಮಾರನೆಯ ದಿನ ಬರೆದ: ‘ನಮ್ಮ ಮನೆಯಲ್ಲೇ ಒಬ್ಬ ಮುದಿರಾಣಿ ಇದ್ದಾರೆ. ಮೌನದ ಮಾಟಕ್ಕೆ ಏಳು ಲಕ್ಷಣಗಳಿವೆ. ನಾನು ಅನುಭವಿಸಿ ಬರೆಯುತ್ತಿದ್ದೇನೆ.’

ಮನೆಯ ಮುದಿರಾಣಿ ಅಂದರೆ ಅವನ ಅತ್ತೆ. ಮಂಡಿಯ ಆಪರೇಷನ್ ಆದಮೇಲೆ ಮಗಳ ಮನೆಗೆ ಬಂದು ಮೂರು ತಿಂಗಳಾಗಿತ್ತು. ಅವರು ಅಳಿಯನ ಜೊತೆ ನೇರವಾಗಿ ಮಾತಾಡಿದವರೇ ಅಲ್ಲ. ಅಳಿಯ ಮೂರಡಿ ದೂರದಲ್ಲಿ ಕೂತಿದ್ದರೂ ಮಗಳ ಕಡೆ ತಿರುಗಿ, “ಅಳಿಯಂದಿರಿಗೆ ಇನ್ನೊಂದು ಲೋಟ ಚಹಾ ಬೇಕಾ ಕೇಳು” ಅನ್ನುತ್ತಿದ್ದರು. ಮಗಳು ಕಚೇರಿಗೆ ಹೋದಮೇಲೆ ಮಧ್ಯಸ್ಥರಿಲ್ಲದೆ ಮಾತೇ ನಿಂತುಹೋಗುತ್ತಿತ್ತು. ಇದು ಮೀಮಾಂಸಕನ ಲೇಖನಿಯಲ್ಲಿ ಏನಾಯಿತು ಕೇಳಿ: ಮೊದಲನೆಯ ಲಕ್ಷಣ, ಅವರು ದಿಟ್ಟಿಸಿದರೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಎರಡನೆಯದು, ಅವರು ನೋಡಿದ ಗಡಿಯಾರ ನಿಂತೇಹೋಯಿತು. (ಸೆಲ್ ಮುಗಿದಿತ್ತು. ಮೀಮಾಂಸೆಯಲ್ಲಿ ಸೆಲ್ಲಿಗೆ ಜಾಗವಿಲ್ಲ.)

ನಾನೂರು ಹೆಬ್ಬೆಟ್ಟು ಬಿದ್ದವು. ಯಾರೋ ‘ಗುರುಗಳೇ’ ಎಂದು ಕರೆದರು. ಇಪ್ಪತ್ತು ವರ್ಷದಿಂದ ಊರವರ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿದ್ದವನಿಗೆ ಯಾರೂ ಗುರುಗಳೇ ಅಂದಿರಲಿಲ್ಲ. ಅವನು ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯತೊಡಗಿದ.

ಇದೇ ಹೊತ್ತಿನಲ್ಲಿ ಇನ್ನೊಂದು ಅನಾಹುತ ನಡೆದಿತ್ತು. ಟಿವಿ ಎದುರಿನ ಅದೇ ಕುರ್ಚಿಯಲ್ಲಿ ಅತ್ತೆ ತಮ್ಮ ಕನ್ನಡಕ ಬಿಚ್ಚಿಟ್ಟಿದ್ದರು. ಎಂಟೂವರೆಗೆ ಆತುರದಲ್ಲಿ ಬಂದ ಅಳಿಯ ಅದರ ಮೇಲೆ ಕೂತ. ಕನ್ನಡಕ ಎರಡು ತುಂಡು. ಅವನೇ ಅತ್ತೆಯ ಕಣ್ಣು ಪರೀಕ್ಷೆ ಮಾಡಿ, ನಂಬರು ಬರೆದುಕೊಂಡು, ಗಾಜು ತರಿಸಲು ಬರೆದು ಹಾಕಿದ್ದೂ ನಿಜ.

“ರೀ, ಅಮ್ಮನ ಕನ್ನಡಕ?”

“ನಾಳೆ.”

“ನಿನ್ನೆನೂ ನಾಳೆ ಅಂದ್ರಿ.”

“ಗಾಜು ಬರಬೇಕಲ್ಲ? ಗಾಜೇನು ಗಿಡದಲ್ಲಿ ಬಿಡುತ್ತಾ ಕಿತ್ಕೊಂಡು ಬರೋಕೆ?”

“ಅಂಗಡಿ ತುಂಬ ಕನ್ನಡಕ ನೇತುಹಾಕ್ಕೊಂಡು ಕೂತಿದೀರಿ. ಇಲ್ಲಿ ಅಮ್ಮ ಬಾಗಿಲು ಯಾವುದು ಗೋಡೆ ಯಾವುದು ಅಂತ ತಡಕಾಡ್ತಿದಾಳೆ.”

ಒಳಗಿನಿಂದ ಅತ್ತೆಯ ದನಿ: “ಅಳಿಯಂದಿರಿಗೆ ತೊಂದರೆ ಕೊಡಬೇಡ್ವೆ. ಪಾಪ, ಅವರಿಗೆ ಗಿರಾಕಿಗಳು ಜಾಸ್ತಿ.”

ಗಾಜು ಎಂಟನೆಯ ದಿನ ಬಂತು. ಅವನು ಮನಸ್ಸಿಟ್ಟೇ ಕೂರಿಸಿದ, ಒರೆಸಿದ, ಡಬ್ಬಿಯಲ್ಲಿಟ್ಟ. ಅಂಗಡಿಯ ಪದ್ಧತಿಯಂತೆ ಡಬ್ಬಿಯೊಳಗೆ ಒಂದು ಚೀಟಿಯನ್ನೂ ಇಟ್ಟ. ಈ ಚೀಟಿ ಅವನ ಹೆಮ್ಮೆ. ಗಿರಾಕಿಯ ಹೆಸರು, ನಂಬರು, ತಯಾರಾದ ದಿನ, ಮೂರನ್ನೂ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಕೈಯಾರೆ ಬರೆಯುತ್ತಿದ್ದ. ಹೊಸ ಕನ್ನಡಕ ಹಾಕಿಕೊಂಡು ಅದನ್ನು ತಡವರಿಸದೆ ಓದಿದರೆ ಕನ್ನಡಕ ಸರಿಯಾಗಿದೆ ಅಂತ ಲೆಕ್ಕ.

ಡಬ್ಬಿ ಜೇಬಿಗೆ ಇಳಿಯುವುದರಲ್ಲಿತ್ತು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು. “ಅಮ್ಮನ ಫೋನಿಗೆ ಆ ಬೀಗದಕೈ ಬಳಗ ಹಾಕಿಕೊಟ್ಟಿದೀನಿ ಕಣ್ರೀ. ಕನ್ನಡಕ ಒಂದು ಬಂದುಬಿಟ್ರೆ ಓದ್ಕೊಂಡು ಹೊತ್ತು ಕಳೀತಾಳೆ.”

ಡಬ್ಬಿ ಜೇಬಿನ ಬದಲು ಮೇಜಿನ ಡ್ರಾಯರಿಗೆ ಹೋಯಿತು. ಎರಡೇ ದಿನ, ಆಮೇಲೆ ಹಳೆಯ ಬರಹವೆಲ್ಲ ಕೆಳಗೆ ಸರಿದುಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬರೆದದ್ದನ್ನು ಅಳಿಸಿಬಿಡಬಹುದಿತ್ತು. ಆದರೆ ನಾನೂರು ಹೆಬ್ಬೆಟ್ಟುಗಳನ್ನು ಕೈಯಾರೆ ಅಳಿಸುವಷ್ಟು ಎದೆಗಾರಿಕೆ ಎಲ್ಲಿಂದ ಬರಬೇಕು? ಹಳೆಯದು ಕೆಳಗೆ ಹೋಗುವ ಮೊದಲೇ ಅವನೇ ಮೂರನೆಯ, ನಾಲ್ಕನೆಯ, ಐದನೆಯ ಲಕ್ಷಣ ಬರೆದ. ಡ್ರಾಯರು ಮುಚ್ಚಿಯೇ ಇತ್ತು.

ಅತ್ತೆ ಗೋಡೆ ಹಿಡಿದು ನಡೆಯುತ್ತಿದ್ದರು. ಒಮ್ಮೆ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡರು. ಅದನ್ನು ನೋಡಿದ ಅವನು ನಾಳೆಯೇ ಡಬ್ಬಿ ತಂದುಬಿಡಬೇಕು ಅಂದುಕೊಂಡ, ಇಲ್ಲವೆನ್ನಲಾರೆ. ಆದರೆ ಮಾರನೆಯ ದಿನ ಮಗಳು ಬೇಗ ಹೊರಟಿದ್ದಳೆಂದು ಅತ್ತೆಯೇ ಚಹಾ ಮಾಡಿ ತಂದು ಅಳಿಯನ ಮುಂದಿಟ್ಟರು. ಒಂದು ಗುಟುಕು ಕುಡಿದರೆ ಬರೀ ಉಪ್ಪು. ಕಾಣದ ಕಣ್ಣಿಗೆ ಉಪ್ಪು ಸಕ್ಕರೆಯ ಡಬ್ಬಿ ಅದಲುಬದಲಾಗಿತ್ತು. ಅವನು ಲೋಟವನ್ನು ಹಾಗೇ ಬಿಟ್ಟು ಎದ್ದ, ಅಂಗಡಿಗೆ ಹೋಗಿ ಬೀಗ ತೆಗೆಯುವ ಮೊದಲೇ ಬರೆದ: ‘ಆರನೆಯ ಲಕ್ಷಣ! ಇಂದು ಬೆಳಿಗ್ಗೆ ಮುದಿರಾಣಿ ನನ್ನ ಚಹಾಕ್ಕೆ ಬಿಳಿಯ ಪುಡಿ ಬೆರೆಸಿದರು. ಬಾಯಲ್ಲಿ ಮಾತಿಲ್ಲ, ಮುಖದಲ್ಲಿ ನಗುವಿಲ್ಲ. ನಾನು ಪ್ರಾಣ ಸಹಿತ ಪಾರಾದೆ.’ ಒಂಬೈನೂರು ಹೆಬ್ಬೆಟ್ಟು.

ಅಷ್ಟು ಜನರ ನಡುವೆ ಒಬ್ಬರು ಮಾತ್ರ ಒಪ್ಪಲಿಲ್ಲ. ಹೆಸರು ಹಾಕಿರಲಿಲ್ಲ. ಬರೆದದ್ದು ಇಷ್ಟು: ‘ಮುದಿರಾಣಿ ಶಾಪ ಹಾಕಿದವಳಲ್ಲ, ಶಾಪ ತಗುಲಿದವಳು. ಅರಮನೆ ಈಗ ಅವಳದಲ್ಲ. ಇನ್ನೊಬ್ಬರ ಮನೆಯಲ್ಲಿ ಇರುವವಳು ಬಾಯಿ ಬಿಡುವ ಮುಂಚೆ ಎರಡು ಸಲ ಯೋಚನೆ ಮಾಡುತ್ತಾಳೆ. ಅಷ್ಟರಲ್ಲಿ ಮಾತು ಮುಗಿದಿರುತ್ತದೆ.’

ಗುರುಗಳಿಗೆ ಸಿಟ್ಟು ನೆತ್ತಿಗೇರಿತು. ತಕ್ಷಣ ಉತ್ತರಿಸಿದರು: ‘ಇನ್ನೂರು ಕಂತು ನೋಡಿಯೂ ಇಷ್ಟು ಕಾಣಿಸಲಿಲ್ಲವೇ? ಮೊದಲು ಹೋಗಿ ಒಂದು ಒಳ್ಳೆಯ ಕನ್ನಡಕ ಹಾಕಿಸಿಕೊಳ್ಳಿ.’ ಶಿಷ್ಯವೃಂದ ಬಿದ್ದುಬಿದ್ದು ನಕ್ಕಿತು.

ಭಾನುವಾರ ಮಧ್ಯಾಹ್ನ. ಪಕ್ಕದ ಮನೆಯ ಟೈಪಿಂಗ್ ಮೇಷ್ಟ್ರು ಬಂದಿದ್ದರು. ಕೆಲಸದಿಂದ ನಿವೃತ್ತರಾದರೂ ಯಾರಾದರೂ ಮಾತಾಡಿದರೆ ಅವರ ಬೆರಳು ಮಂಡಿಯ ಮೇಲೆ ಅದನ್ನು ಟೈಪು ಮಾಡುತ್ತಲೇ ಇರುತ್ತಿತ್ತು. ಹೆಂಡತಿ ಬಿಸ್ಕತ್ತಿನ ತಟ್ಟೆ ಇಟ್ಟಳು. ಅತ್ತೆ ಮಗಳ ಕಡೆ ತಿರುಗಿದರು.

“ಯಾರೋ ಹದ್ದಿನ ಕಣ್ಣು ಅನ್ನೋರು ಬಹಳ ಚೆನ್ನಾಗಿ ಬರೀತಾರಂತೆ. ಅಳಿಯಂದಿರಿಗೆ ಬಿಡುವಿದ್ರೆ ಒಂದು ಸಲ ಓದಿ ಹೇಳ್ತಾರಾ ಕೇಳು.”

“ಓದ್ತೀರಾ ಅಂತೆ,” ಎಂದಳು ಹೆಂಡತಿ, ಫೋನನ್ನು ಅವನ ಕೈಗಿಟ್ಟು.

“ನಾನಾ? ನಾನು ಇಂಥದ್ದೆಲ್ಲ ನೋಡೋನಲ್ಲಪ್ಪ...”

“ಗೊತ್ತು. ನೋಡಬೇಡಿ, ಓದಿ.”

ಅವನು ಗಂಟಲು ಸರಿಮಾಡಿಕೊಂಡ. ಮರುಕ್ಷಣದಲ್ಲಿ ಹೊಳೆಯಿತು: ಈ ಹೆಂಗಸಿಗೆ ಕಣ್ಣು ಕಾಣುವುದಿಲ್ಲವಲ್ಲ! ತಾನು ಓದಿದ್ದೇ ಪಾಠ. ಧೈರ್ಯ ಬಂತು.

“‘ನಮ್ಮ ಮನೆಯಲ್ಲೂ ಒಬ್ಬ... ಒಬ್ಬ ಹಿರಿಯರು ಇದ್ದಾರೆ,’” ಎಂದು ಓದಿದ. “‘ಅವರು ಒಮ್ಮೆ ನೋಡಿದರೆ ಸಾಕು, ತುತ್ತು ಸಲೀಸಾಗಿ ಗಂಟಲಿಗೆ ಇಳಿಯುತ್ತದೆ. ಅವರು ದೃಷ್ಟಿ ಇಟ್ಟ ಗಡಿಯಾರ... ತುಂಬಾ ಸರಿಯಾದ ಸಮಯ ತೋರಿಸುತ್ತದೆ.’”

“ಆಹಾ,” ಎಂದರು ಮೇಷ್ಟ್ರು, ಬೆರಳಾಡಿಸುತ್ತ.

“‘ಅವರ ಮೌನ ಬಂಗಾರದಂಥದ್ದು. ಅವರ ಪಾದ ಬಿದ್ದ ಮೇಲೆ ಮನೆ ಅರಮನೆಯಾಗಿದೆ.’” ಈಗ ಅವನಿಗೆ ಹುರುಪು ಬಂದಿತ್ತು. “‘ಇಂದು ಬೆಳಿಗ್ಗೆ ಅವರು ಕೊಟ್ಟ ಚಹಾ, ಆಹಾ, ಅಮೃತ! ಅಷ್ಟು ಹದವಾದ ಸಕ್ಕರೆ...’”

ಅಷ್ಟರಲ್ಲಿ ಅತ್ತೆ ಪಕ್ಕದ ಚೀಲದಿಂದ ಒಂದು ನೀಲಿ ಡಬ್ಬಿ ತೆಗೆದರು. ಅದರ ಮೇಲೆ ಅವನ ಅಂಗಡಿಯ ಹೆಸರಿರಲಿಲ್ಲ, ಎದುರಿನ ಕನ್ನಡಕದಂಗಡಿಯವನ ಹೆಸರಿತ್ತು. ಹತ್ತು ವರ್ಷದಿಂದ ಮುಖ ಕೊಟ್ಟು ಮಾತಾಡದ ಎದುರಂಗಡಿಯವನದು. ನಿಧಾನವಾಗಿ ಕನ್ನಡಕ ಹಾಕಿಕೊಂಡು, ಅಳಿಯನ ಕೈಯಿಂದ ಫೋನು ತೆಗೆದುಕೊಂಡು, ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ನೇರವಾಗಿ ಅವನನ್ನೇ ನೋಡಿ ಮಾತಾಡಿದರು.

“ಉಪ್ಪಿನ ಸಾಲು ಬಿಟ್ರಿ, ಅಳಿಯಂದಿರೇ.”

ಆಮೇಲೆ ಆರನೆಯ ಲಕ್ಷಣವನ್ನು ಅವರೇ ಓದಿದರು. ಸಿಟ್ಟಿಲ್ಲ, ಅಳುವಿಲ್ಲ, ಪೇಪರಿನ ಸುದ್ದಿ ಓದುವ ಹಾಗೆ. ‘ಬಿಳಿಯ ಪುಡಿ’ ಅನ್ನುವಲ್ಲಿ ಮೇಷ್ಟ್ರ ಬೆರಳು ನಿಂತುಹೋಯಿತು. ನಾಚಿಕೆ ಅಂದರೆ ಬಿಸಿಯಾಗಿರುತ್ತದೆ ಅಂತ ಅವನು ಅಂದುಕೊಂಡಿದ್ದ. ಕೈಕಾಲು ತಣ್ಣಗಾದವು.

“ಮೇಷ್ಟ್ರು ದಿನಾ ಮಧ್ಯಾಹ್ನ ಬಂದು ಓದಿ ಹೇಳ್ತಿದ್ರು,” ಎಂದರು ಅತ್ತೆ. “ಯಾರೋ ಪಾಪ, ಮನೇಲಿ ಕಷ್ಟ ಇರಬೇಕು ಅಂದ್ಕೊಂಡಿದ್ದೆ. ಉಪ್ಪಿನ ದಿನ ಗೊತ್ತಾಯ್ತು. ಆಮೇಲೆ ನಾನೂ ನಾಲ್ಕು ಮಾತು ಹೇಳಿ ಬರೆಸಿದೆ. ಅದಕ್ಕೆ ನೀವೇ ಅಲ್ವಾ ಉತ್ತರ ಕೊಟ್ಟಿದ್ದು, ಹೋಗಿ ಒಳ್ಳೆ ಕನ್ನಡಕ ಹಾಕಿಸಿಕೊಳ್ಳಿ ಅಂತ? ಹಾಕಿಸಿಕೊಂಡೆ.”

“ಸಹಿ ಇಲ್ಲದ ಅರ್ಜಿ ಯಾರದು ಅಂತ ಕಂಡುಹಿಡಿಯೋದೇ ನನ್ನ ಕೆಲಸ,” ಎಂದಳು ಹೆಂಡತಿ. “ಎದುರಂಗಡಿಯವರು ಅಮ್ಮನ್ನ ಕೇಳಿದ್ರು, ‘ನಿಮ್ಮ ಅಳಿಯಾನೇ ಕನ್ನಡಕದವರಲ್ವಾ?’ ಅಂತ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಅಮ್ಮ ಏನಂದ್ಲು ಗೊತ್ತಾ? ‘ಅವರಿಗೆ ಗಿರಾಕಿಗಳು ಜಾಸ್ತಿ, ಬಿಡುವಿಲ್ಲ’ ಅಂದ್ಲು.”

ಅವನು ಬಿಸ್ಕತ್ತಿನ ತಟ್ಟೆಯನ್ನೇ ನೋಡುತ್ತ ಕೂತ. ಬೈದಿದ್ದರೆ ಬೈಗುಳಕ್ಕೊಂದು ಉತ್ತರ ಹುಡುಕಬಹುದಿತ್ತು. ಇವರು ತನ್ನ ಮರ್ಯಾದೆ ಕಾಪಾಡಿ ಬಂದಿದ್ದಾರೆ, ಅದೂ ಎದುರಂಗಡಿಯಲ್ಲಿ! “ತಪ್ಪಾಯ್ತು ಅತ್ತೆ,” ಎಂದ.

“ಆಗಲಿ ಬಿಡಿ. ಕೆಲಸದ ಮಧ್ಯೆ ಬಿಡುವಾಗಲಿಲ್ಲ, ಅಷ್ಟೇ ತಾನೇ,” ಎಂದರು ಅತ್ತೆ, ಮತ್ತೆ ನೇರವಾಗಿ ಅವನಿಗೇ. “ಬಿಸ್ಕತ್ತು ತಗೊಳ್ಳಿ.”

ಇಲ್ಲಿಗೆ ಕಥೆ ಮುಗಿದಿದ್ದರೆ ಅವನ ಪುಣ್ಯ. ಸೋಮವಾರ ಅಂಗಡಿಯಲ್ಲಿ ಅವನು ಹದ್ದಿನ ಕಣ್ಣಿನ ಬರಹಗಳನ್ನೆಲ್ಲ ಒಂದೊಂದಾಗಿ ಅಳಿಸಿದ, ಕ್ಷಮೆ ಕೇಳಿ ನಾಲ್ಕು ಸಾಲು ಬರೆದ. ಮೂರು ಹೆಬ್ಬೆಟ್ಟು ಬಿದ್ದವು. ಮನಸ್ಸು ಹಗುರವಾಗಿ ಡ್ರಾಯರು ತೆಗೆದ. ಎದುರಂಗಡಿಯವನ ಗಾಜು ಅತ್ತೆಯ ಕಣ್ಣ ಮೇಲೆ ಕೂರುವುದೇ? ಛೆ! ಡಬ್ಬಿ ಎತ್ತಿಕೊಂಡು ಎಂಟು ಗಂಟೆಗೆಲ್ಲ ಮನೆ ಸೇರಿದ.

“ತಗೊಳ್ಳಿ ಅತ್ತೆ,” ಎಂದ ಅಕ್ಕರೆಯಿಂದ. “ಗಾಜು ಇವತ್ತೇ ಬಂತು. ಕೂತು ತಯಾರು ಮಾಡಿ ತಂದೆ.”

ಅತ್ತೆಯ ಮುಖ ಅರಳಿತು. ಹಾಕಿಕೊಂಡು ಆ ಗೋಡೆ ನೋಡಿದರು, ಈ ಗೋಡೆ ನೋಡಿದರು. “ಅವರದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ ಕಣೇ,” ಎಂದು ಮಗಳಿಗೆ ಹೇಳಿದರು. “ಇದೇನಿದು ಒಳಗೆ, ಚೀಟಿ?”

“ಅದೇ ಅಮ್ಮ, ಇವರ ಅಂಗಡಿ ಪರೀಕ್ಷೆ. ಅದನ್ನ ತಡವರಿಸದೆ ಓದಿದ್ರೆ ಕನ್ನಡಕ ಸರಿ ಅಂತ.”

ಅವನು ಕೈ ಚಾಚುವಷ್ಟರಲ್ಲಿ ಅತ್ತೆ ಓದತೊಡಗಿದ್ದರು. ತಮ್ಮ ಹೆಸರು ಓದಿದರು. ನಂಬರು ಓದಿದರು. ತಯಾರಾದ ದಿನ ಓದಿದರು. ಇಪ್ಪತ್ಮೂರು ದಿನದ ಹಿಂದಿನ ತಾರೀಖು, ಅವನದೇ ಮುತ್ತಿನಂಥ ಅಕ್ಷರದಲ್ಲಿ. ಒಂದು ಕಡೆಯೂ ತಡವರಿಸಲಿಲ್ಲ.

ಅತ್ತೆ ಬೆರಳಿನಿಂದ ಹಣೆಯನ್ನು ಮುಟ್ಟಿಕೊಂಡರು, ಚೌಕಟ್ಟು ತಗುಲಿದ್ದ ಕಡೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯಲ್ಲಿಟ್ಟರು. ಅವನನ್ನು ನೋಡಿದರು. ಏನೂ ಹೇಳಲಿಲ್ಲ.

ಅಷ್ಟರಲ್ಲಿ ಎಂಟೂವರೆಯಾಗಿ ಹೆಂಡತಿ ಟಿವಿ ಹಾಕಿದಳು. ಇನ್ನೂರು ಕಂತು ಸುಮ್ಮನಿದ್ದ ಮುದಿರಾಣಿ ಅವತ್ತೇ ಬಾಯಿ ಬಿಟ್ಟಳು. ಶಾಪ ಹಾಕಿದವಳು ಅವಳಲ್ಲ, ಶಾಪ ತಗುಲಿದ್ದೇ ಅವಳಿಗೆ. ಬಳಗದವರೆಲ್ಲ ಹದ್ದಿನ ಕಣ್ಣಿಗೆ ಕಣ್ಣಿನ ಡಾಕ್ಟರ ವಿಳಾಸ ಕಳಿಸತೊಡಗಿದರು. ಅವನ ಕಿವಿಗೆ ಯಾವುದೂ ಬೀಳಲಿಲ್ಲ. ಮೌನದ ಮೇಲೆ ಆರು ಲಕ್ಷಣ ಬರೆದಿದ್ದವನು ಏಳನೆಯದನ್ನು ಈಗ ಅನುಭವಿಸುತ್ತಿದ್ದ. ಯಾರಾದರೂ ಬೈಯಬಾರದೇ ಅನ್ನಿಸುತ್ತಿತ್ತು.

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಗೋಡೆ ಹಿಡಿಯಲಿಲ್ಲ, ಎಲ್ಲೂ ಎಡವಲಿಲ್ಲ. ಡಬ್ಬಿಗಳನ್ನು ತೆಗೆದು, ಕನ್ನಡಕ ಸರಿಮಾಡಿಕೊಂಡು ನೋಡಿ, ಬೇಕಾದ್ದನ್ನೇ ಆರಿಸಿ ಚಹಾ ಮಾಡಿ ತಂದು ಅಳಿಯನ ಮುಂದಿಟ್ಟರು.

ಬರೀ ಉಪ್ಪು.

ಅವನು ಕೊನೆಯ ಗುಟುಕಿನವರೆಗೆ ಕುಡಿದು, “ಚೆನ್ನಾಗಿದೆ ಅತ್ತೆ,” ಎಂದ.

“ಇನ್ನೊಂದು ಲೋಟ ಬೇಕಾ ಕೇಳು,” ಎಂದರು ಅತ್ತೆ, ಮಗಳಿಗೆ.