ಹೂವು ಎಡಕ್ಕೆ ಬಿದ್ದ ಬಗ್ಗೆ ಸಮಜಾಯಿಷಿ

ದಿನಾಂಕ: 11-4-1983

ಇಂದ:
ಸೊಣ್ಣಮ್ಮ, ಸುಮಾರು ಅರವತ್ತು ವರ್ಷ, ಕಲ್ಲು ಒಡೆಯುವ ಕಸುಬು,
ಬೋವಿಪಾಳ್ಯ, ಬ್ಯಾಟರಾಯನಪುರದ ಆಚೆ.
(ಬರೆದುಕೊಟ್ಟವರು: ಖಾದರ್ ಬಾಷಾ, ಅರ್ಜಿ ಬರಹಗಾರ, ಯಲಹಂಕ)

ಗೆ:
ಕಲ್ಲುಗಣಿ ಗುತ್ತಿಗೆ ಮಂಜೂರು ಮಾಡುವ ಸಾಹೇಬರು.

ವಿಷಯ: ಪಟಾಲಮ್ಮನ ಬಂಡೆಯ ಮೇಲೆ ಹೂವು ಸತತವಾಗಿ ಎಡಕ್ಕೆ ಬಿದ್ದಿರುವ ಬಗ್ಗೆ.

ಉಲ್ಲೇಖ: ಬಂಡೆಗೆ ಅಂಟಿಸಿದ್ದ ತಮ್ಮ ನೋಟೀಸು. (ಮೇಲಿನರ್ಧವನ್ನು ಮೇಕೆ ತಿಂದಿರುವ ಕಾರಣ ಸಂಖ್ಯೆ ತಿಳಿದುಬಂದಿಲ್ಲ. ಉಳಿದರ್ಧಕ್ಕೆ ಉತ್ತರ ಈ ಕೆಳಕಂಡಂತಿದೆ.)

ಮಾನ್ಯರೇ,

ಸದರಿ ಸೊಣ್ಣಮ್ಮನವರು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಪಾಳ್ಯದ ನಲವತ್ತು ಮನೆಯವರು ತಲೆತಲಾಂತರದಿಂದ ಸದರಿ ಬಂಡೆಯ ಅಂಚಿನಲ್ಲಿ ಕಲ್ಲು ಎಬ್ಬಿಸಿ, ಒರಳು, ಬೀಸುಕಲ್ಲು ಮಾಡಿ ಮಾರಿ ಬದುಕುತ್ತಿದ್ದಾರೆ. ಹೊಸ ಜಾಗಕ್ಕೆ ಉಳಿ ಇಡುವ ಮುನ್ನ ಒದ್ದೆ ಹೂವನ್ನು ಬಂಡೆಗೆ ಅಂಟಿಸಿ ಪಟಾಲಮ್ಮ ದೇವಿಯ ಅಪ್ಪಣೆ ಕೇಳುವುದು ಪದ್ಧತಿ. ಈಗ ಪಾಳ್ಯದ ಪರವಾಗಿ ಹಾಗೆ ಕೇಳುವವರು ಸೊಣ್ಣಮ್ಮನವರು. ಬಲಕ್ಕೆ ಬಿದ್ದರೆ ಒಡೆಯಬಹುದು, ಎಡಕ್ಕೆ ಬಿದ್ದರೆ ಕೂಡದು. ನಡುಬಂಡೆಯಲ್ಲಿ ನೀರು ನಿಲ್ಲುವ ದೊಣೆಯ ಸುತ್ತ ಇದುವರೆಗೆ ಒಮ್ಮೆಯೂ ಅಪ್ಪಣೆ ಸಿಕ್ಕಿಲ್ಲ. ಆದ್ದರಿಂದ ದೊಣೆ ಇದೆ. ಆದ ಕಾರಣ ಈ ಬೇಸಿಗೆಯಲ್ಲೂ ಕುಡಿಯಲು ನೀರಿದೆ. ಆದ್ದರಿಂದ ಪಾಳ್ಯವೂ ಇದೆ.

2. ಗುತ್ತಿಗೆದಾರರಾದ ಶಿವಶರಣಪ್ಪನವರು, ಆರ್.ಟಿ. ನಗರದ ಹೊಸ ಮನೆಗಳಿಗೆ ಜಲ್ಲಿ ಬೇಕೆಂದು ಇಡೀ ಬಂಡೆಯನ್ನು ಸಾಹೇಬರ ಕಚೇರಿಯಿಂದ ಗುತ್ತಿಗೆ ಪಡೆದು, ದೊಣೆಯ ಪಕ್ಕದಲ್ಲೇ ಸಿಡಿಮದ್ದಿಡಲು ಪಾಳ್ಯದ ಗಂಡಸರನ್ನೇ ಕರೆದರು. ಆ ಬಂಡೆಯ ಪದರ ಬೇರೆ ಯಾರಿಗೂ ತಿಳಿಯದು. ಹೂವು ಕೇಳದೆ ಮದ್ದಿನ ಕುಳಿ ಹೊಡೆಯುವುದಿಲ್ಲ ಎಂದು ಗಂಡಸರು ಹೇಳಿದರು. "ಹೂ ತಾನೆ? ಕೇಳ್ರಮ್ಮ, ಎರಡು ನಿಮಿಷದ ಕೆಲ್ಸ" ಎಂದರು ಗುತ್ತಿಗೆದಾರರು. ಆಗ ಅವರು ನಗುತ್ತಿದ್ದರು. ಸೊಣ್ಣಮ್ಮನವರು ಕೇಳಿದರು. ಹೂವು ಎಡಕ್ಕೆ ಬಿತ್ತು.

3. ಮರುದಿನ ಕಣಗಿಲೆ, ಅದರ ಮರುದಿನ ಚೆಂಡುಹೂವು, ಆಮೇಲೆ ಸಿಟಿ ಮಾರ್ಕೆಟ್ಟಿನ ಗುಲಾಬಿ. ಒಂದೊಂದೂ ಎಡಕ್ಕೆ. ಹದಿನಾರನೆಯ ದಿನ ರೋಸಿಹೋದ ಗುತ್ತಿಗೆದಾರರು, ಲಕೋಟೆಗೆ ಹಚ್ಚುವ ಗೋಂದು ಸವರಿ ಸ್ವಹಸ್ತದಿಂದ ಹೂವು ಅಂಟಿಸಿದರು. ಎಡಕ್ಕೆ ಬೀಳದಿರಲಿ ಎಂಬುದು ಅವರ ಉದ್ದೇಶ. ಆದರೆ ಸದರಿ ಹೂವು ಬಲಕ್ಕೂ ಬೀಳಲಿಲ್ಲ. ಹೂವು ಬೀಳುವ ತನಕ ಉಳಿ ಮುಟ್ಟದೆ ಕೈಮುಗಿದು ಕೂರುವುದು ಪದ್ಧತಿಯಾದ ಕಾರಣ, ಗಂಡಸರು ಕೂತರು. ಇಂದಿಗೆ ಆರು ದಿನವಾಯಿತು. ಹೂವು ಒಣಗಿದೆ, ಬಿದ್ದಿಲ್ಲ. ತಮ್ಮ ಕಚೇರಿಯಲ್ಲಿ ಕಾಗದಗಳು ಹೀಗೆಯೇ ಕೂತಿರುವುದನ್ನು ಸೊಣ್ಣಮ್ಮನವರು ಕಣ್ಣಾರೆ ಕಂಡಿರುವುದರಿಂದ, ಇದು ತಮಗೆ ಸುಲಭವಾಗಿ ಅರ್ಥವಾಗುವುದೆಂದು ನಂಬಲಾಗಿದೆ.

4. ಸೊಣ್ಣಮ್ಮನವರೇ ಕೈಚಳಕದಿಂದ ಹೂವು ಬೀಳಿಸುತ್ತಾರೆಂಬ ನೋಟೀಸಿನ ಆರೋಪ ಸುಳ್ಳು. ಆದರೆ ಪ್ರಮಾಣ ಮಾಡಿ ಹೇಳಬೇಕಾದ ಮಾತೊಂದಿದೆ: ದೊಣೆಯ ಸುತ್ತ ಬಂಡೆ ಎಡಕ್ಕೆ ವಾಲಿದೆ. ಇಲ್ಲಿ ಬರಹಗಾರ ಖಾದರ್ ಬಾಷಾ ಪೆನ್ನು ನಿಲ್ಲಿಸಿ, "ಅಮ್ಮಾ, ಇದನ್ನೂ ಬರೀಬೇಕಾ? ಕೇಸೇ ಬಿದ್ದೋಗ್ತದೆ" ಎಂದು ಕೇಳಲಾಗಿ, "ಬರಿಯಪ್ಪ ಬಾಷಾ. ನಾನೇನ್ ವಾಲ್ಸಿದ್ನಾ? ನಮ್ಮ ತಾತ್ನೋರೂ ಅದ್ನ ನೋಡ್ಕಂಡೇ ಅಲ್ಲಿ ಹೂ ಇಟ್ಟಿದ್ದು. ನೀರಿರೋ ಕಡೆ ಇಂಗೇ ಕೇಳ್ಬೇಕು" ಎಂದರು. ಹೇಳಿದ್ದನ್ನು ಹೇಳಿದಂತೆಯೇ ಬರೆಯಲಾಗಿದೆ.

5. ಸೊಣ್ಣಮ್ಮನವರಿಗೆ ಭಯವಾಗಿದೆ. ಇದನ್ನು ಸರ್ಕಾರಿ ಭಾಷೆಯಲ್ಲಿ ಹೇಗೆ ಬರೆಯುವುದೆಂದು ಬರಹಗಾರನಿಗೆ ತಿಳಿಯಲಿಲ್ಲ. ಅಂಚಿನಲ್ಲಿ ಒಡೆದುಕೊಂಡರೆ ಮೊಮ್ಮಕ್ಕಳಿಗೂ ಮಿಗುವ ಬಂಡೆ, ಮದ್ದಿಟ್ಟರೆ ಎರಡೇ ವರ್ಷದಲ್ಲಿ ಜಲ್ಲಿಯಾಗಿ ಲಾರಿ ಹತ್ತುತ್ತದೆ. ದೊಣೆಯಂತೂ ಮೊದಲ ಸಿಡಿತಕ್ಕೇ ಬಿರುಕು ಬಿಡುತ್ತದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಸಾಹೇಬರು ಸದರಿ ಗುತ್ತಿಗೆಯನ್ನು ರದ್ದುಪಡಿಸಬೇಕು. ಸಾಧ್ಯವಿಲ್ಲವಾದರೆ, ಒಂದು ಮಧ್ಯಾಹ್ನ ಬಿಸಿಲಲ್ಲಿ ಬಂಡೆ ಹತ್ತಿ ಬಂದು, ದೊಣೆಯ ನೀರನ್ನು ಒಂದು ಚೊಂಬು ಕುಡಿದು, ನಂತರ ಮದ್ದಿನ ಬತ್ತಿಗೆ ತಮ್ಮ ಕೈಯಿಂದಲೇ ಬೆಂಕಿ ಇಡಬೇಕೆಂದು ಪ್ರಾರ್ಥನೆ.

ಅಲ್ಲಿಯವರೆಗೆ ತಮ್ಮ ವಿಶ್ವಾಸಿ,
ಸೊಣ್ಣಮ್ಮ
(ಹೆಬ್ಬೆಟ್ಟು. ಉಳಿ ಹಿಡಿದು ಗೆರೆ ಸವೆದಿರುವ ಕಾರಣ ಸರಿಯಾಗಿ ಮೂಡಿಲ್ಲ, ಮನ್ನಿಸುವುದು.)

ಲಗತ್ತುಗಳು:
ನೋಟೀಸಿನ ಉಳಿದರ್ಧ.
ಎಡಕ್ಕೆ ಬಿದ್ದ ಹೂವುಗಳು, ಹದಿನೈದು. (ಗೋಂದಿನ ಹೂವು ಇನ್ನೂ ಬೀಳದಿರುವ ಕಾರಣ ಲಗತ್ತಿಸಿಲ್ಲ.)

ವಿಶೇಷ ಸೂಚನೆ: ಸಾಹೇಬರು ಚೊಂಬು ತರುವ ಅಗತ್ಯವಿಲ್ಲ, ಪಾಳ್ಯದ ಯಾವ ಮನೆಯಲ್ಲಾದರೂ ಕೊಡುತ್ತಾರೆ. ಬೆಂಕಿಪೊಟ್ಟಣ ಮಾತ್ರ ತಾವೇ ತರುವುದು. ಅದನ್ನು ಇಲ್ಲಿ ಯಾರೂ ಕೊಡುವುದಿಲ್ಲ.