ಪುಟ ತಿರುವುವವನ ನಿವೇದನೆ

ಸಂಗೀತವನ್ನು ಕೈಕಟ್ಟಿ ಕುಳಿತು ಕೇಳುವ ಸಾಮರ್ಥ್ಯ ನನ್ನಲ್ಲಿಲ್ಲವೆಂಬುದನ್ನು ಆರಂಭದಲ್ಲೇ ವಿನಯಪೂರ್ವಕವಾಗಿ ಒಪ್ಪಿಕೊಳ್ಳುತ್ತೇನೆ. ಇದು ನನ್ನ ಪ್ರಥಮ ಬರಹವಾದ್ದರಿಂದ ಲೋಪದೋಷಗಳನ್ನು ಮನ್ನಿಸಬೇಕಾಗಿಯೂ ಕೋರುತ್ತೇನೆ. ಮೈಸೂರಿನ ಸಂಗೀತ ಕಚೇರಿಗಳಲ್ಲಿ ಪಳಗಿದ ನನ್ನ ಬಲಗೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕುತ್ತದೆ. ಒಳ್ಳೆಯ ಸಂಗತಿಯೊಂದು ಬಂದರೆ ಬಾಯಿ ‘ಭಲೇ’ ಎನ್ನುತ್ತದೆ. ನಾವು ಬ್ರಿಸ್ಬೇನಿನ ಟೂವಾಂಗ್‌ನಲ್ಲಿದ್ದಾಗ, ಮಗಳು ಮೇಘನಾ ನುಡಿಸಿದ ಶಾಲಾ ಕಾರ್ಯಕ್ರಮದಲ್ಲಿ, ಕೃತಿಯ ಮೊದಲ ಭಾಗ ಮುಗಿದೊಡನೆ ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ಎಲ್ಲ ಭಾಗಗಳೂ ಮುಗಿಯುವವರೆಗೆ ಯಾರೂ ತಟ್ಟತಕ್ಕದ್ದಲ್ಲವಂತೆ. ಸಭೆಯ ಅಷ್ಟೂ ತಲೆಗಳು ನನ್ನತ್ತ ತಿರುಗಿದವು. ಮೇಘನಾಳದು ಮಾತ್ರ ತಗ್ಗಿತು.

ಆದಕಾರಣ, ಅಡಿಲೇಡಿಗೆ ಬಂದ ಮೇಲೆ ಪ್ರಾಸ್ಪೆಕ್ಟ್‌ನ ಚರ್ಚ್ ಹಾಲಿನಲ್ಲಿ ಅವಳ ತ್ರಿವಾದನ ಏರ್ಪಾಡಾದಾಗ, ನನ್ನನ್ನು ಕರೆಯಬೇಕೇ ಎಂಬ ವಿಷಯ ಮನೆಯಲ್ಲಿ ಒಂದು ವಾರ ಪರಿಶೀಲನೆಯಲ್ಲಿತ್ತು. ಪಿಯಾನೊ, ಕ್ಲಾರಿನೆಟ್, ಮತ್ತು ಮೇಘನಾಳ ಬಸೂನ್, ಅಂದರೆ ದಪ್ಪ ದನಿಯ ಉದ್ದನೆಯ ಮರದ ಕೊಳವೆ. ಕೃತಿ ರಚಿಸಿದವರು ಒಂದೆರಡು ಶತಮಾನ ಹಿಂದಿನ, ಒಪೆರಾ ಎಂಬ ಹಾಡುನಾಟಕದ ಹುಚ್ಚು ಹಿಡಿದವರೊಬ್ಬರು. ಈ ಕೃತಿಯನ್ನು ಹಾಡುವವರೇ ಇಲ್ಲದ ಸಂಗೀತ ನಾಟಕವೆನ್ನಬಹುದು. ವಾದ್ಯಗಳೇ ಪ್ರೀತಿಸಿ, ಜಗಳವಾಡಿ, ಅಳುತ್ತವೆ. ಕೊನೆಗೆ ನನ್ನ ಪತ್ನಿ ಸುಮಾ ತೀರ್ಪಿತ್ತಳು: “ಇವರ ಕೈಗೆ ಕೆಲಸ ಕೊಟ್ಬಿಡೋಣ. ಪಿಯಾನೊ ಪಕ್ಕ ಕೂತು ಪುಟ ತಿರುವ್ಲಿ. ಸ್ಟೇಜ್ ಮೇಲೆ ಕೂತು ಭಲೇ ಅನ್ನೋಷ್ಟು ಧೈರ್ಯ ಇವರಿಗಿಲ್ಲ.”

ಪಿಯಾನೊ ನುಡಿಸುವ ಹೆಲೆನ್ ಆಂಟಿ, ತಮ್ಮ ಎರಡು ಕೈಗೂ ಬಿಡುವಿರದ ಕಾರಣ, ತಾವು ತಲೆಯಾಡಿಸಿದಾಗ ಸ್ವರಲಿಪಿಯ ಹಾಳೆ ತಿರುವಿದರೆ ಸಾಕೆಂದರು. ಬೆರಳಿಗೆ ಎಂಜಲು ಹಚ್ಚುವುದನ್ನು ನಿಷೇಧಿಸಲಾಯಿತು. ಊಟದ ಮೇಜಿನ ಮೇಲೆ ಹಳೆಯ ಪಂಚಾಂಗವಿಟ್ಟುಕೊಂಡು ಹದಿನೈದು ದಿನ ಅಭ್ಯಾಸ ಮಾಡಿದೆ. ನಿದ್ದೆ ಸರಿಯಾಗಿ ಬರಲಿಲ್ಲ.

ಮೊದಲೆರಡು ಭಾಗಗಳು ಸುಸೂತ್ರವಾಗಿ ನೆರವೇರಿದವು. ಮೂರನೆಯದು ವಿಳಂಬ ಲಯದ್ದು. ಕ್ಲಾರಿನೆಟ್ ಅತ್ತು ಮುಗಿಸಿದ ದುಃಖವನ್ನು ಬಸೂನ್ ಎತ್ತಿಕೊಂಡಿತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೇ ಪದದ ಉತ್ತರ ಕೊಡುವ ಹುಡುಗಿ, ನನಗೆಂದೂ ಹೇಳದ ಯಾವುದೋ ಸಂಕಟವನ್ನು ಸಭೆಯೆದುರು ನಿಧಾನವಾಗಿ ಬಿಚ್ಚಿಡುತ್ತಿದ್ದಳು. ಹೆಲೆನ್ ಆಂಟಿ ತಲೆಯಾಡಿಸಿದರು. ಸಹೃದಯರೆಂದುಕೊಂಡು ನಾನೂ ಆಡಿಸಿದೆ. ಅವರು ಜೋರಾಗಿ ಆಡಿಸಿದರು. ನಾನು ಕಣ್ಣು ಮುಚ್ಚಿ ಇನ್ನೂ ಜೋರಾಗಿ ಆಡಿಸಿದೆ. ಪಿಯಾನೊ ನಿಂತಿತು. ಕಣ್ಣು ತೆರೆದಾಗ ಆಂಟಿ ಎರಡು ಹಾಳೆ ಒಟ್ಟಿಗೆ ಮಗುಚಿ ತಡಕಾಡುತ್ತಿದ್ದರು. ಮೇಘನಾ ಒಂದೇ ಸ್ವರವನ್ನು ಹಿಡಿದು, ಉಸಿರು ಮುಗಿಯುವವರೆಗೂ ಎಳೆದು, ಅವರಿಗಾಗಿ ಕಾದಳು. ಕೃತಿ ಉಳಿಯಿತು.

ಮನೆಗೆ ಮರಳುವಾಗ ಕಾರಿನಲ್ಲಿ ಮೇಘನಾ ವಿಚಾರಣೆ ಆರಂಭಿಸಿದಳು.

“ಅಪ್ಪಾ, ಡಿಡ್ ಯು ನಾಟ್ ಸೀ ಹರ್ ನಾಡ್?”

“ಅವರು ತಲೆಯಾಡಿಸಿದ್ದು ನೋಡಿದೆ ಕಣಮ್ಮ. ನೀನು ನುಡಿಸಿದ್ದು ಅವರಿಗೂ ಇಷ್ಟ ಆಯ್ತು ಅಂದ್ಕೊಂಡೆ.”

ಅವಳು ಕಿಟಕಿಯ ಕಡೆ ತಿರುಗಿದಳು. ಭುಜ ಕುಲುಕುತ್ತಿತ್ತು, ಅಳುವೋ ನಗುವೋ ವಿಚಾರಿಸುವ ಧೈರ್ಯವಾಗಲಿಲ್ಲ. ಮನೆ ಬಂದಾಗ ಹೇಳಿದಳು: “ನೆಕ್ಸ್ಟ್ ಟೈಮ್, ಲಾಸ್ಟ್ ರೋ. ಬಟ್ ಬಾ.”

ಈ ಪ್ರಕಾರ ನನ್ನನ್ನು ಹುದ್ದೆಯಿಂದ ವಜಾಗೊಳಿಸಿ ಕೊನೆಯ ಸಾಲಿಗೆ ವರ್ಗಾಯಿಸಲಾಗಿದೆ. ವಜಾ ಆದವನು ಇಷ್ಟು ಸಂತೋಷಪಡುವುದು ನಿಯಮಬದ್ಧವೇ ಎಂಬುದನ್ನು ಮಾತ್ರ ನಾನಿನ್ನೂ ಯಾರಲ್ಲೂ ವಿಚಾರಿಸಿಲ್ಲ.