ಮೀನಿನ ತೊಟ್ಟಿಯೂ ಮಾವನ ಕಾರ್ಪೆಟ್ಟೂ

ದೇವರು ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಕೊಟ್ಟಿರುತ್ತಾನಂತೆ. ನನಗೆ ಹಾಡಲು ಬಾರದು, ವ್ಯಾಪಾರ ಬಾರದು, ಮೊಳೆ ಹೊಡೆಯಲು ಹೋದರೆ ಹೆಬ್ಬೆರಳಿಗೇ ಪೆಟ್ಟು. ನೇಕಾರರ ಮನೆಯಲ್ಲಿ ಹುಟ್ಟಿಯೂ ಲಾಳಿ ಹಿಡಿಯಲು ಬಾರದವನು ಎಂದು ನಮ್ಮಜ್ಜಿ ಸಾಯುವವರೆಗೂ ಹೇಳಿಕೊಂಡು ಓಡಾಡಿದಳು. ನನಗೆ ಬರುವುದು ಒಂದೇ ಒಂದು, ಮಟ್ಟ ನೋಡುವುದು. ಹಿಂದೂಪುರದ ಒಂದು ರಸ್ತೆ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ನನ್ನ ಕೆಲಸ ಅದೇ ಆಗಿತ್ತು. ಮೂರು ಕಾಲಿನ ಮೇಲೆ ಲೆವೆಲ್ ಯಂತ್ರ ನಿಲ್ಲಿಸಿ, ದೂರದಲ್ಲಿ ಒಬ್ಬರು ಅಂಕಿ ಬರೆದ ಉದ್ದನೆಯ ಕೋಲು ಹಿಡಿದು ನಿಂತರೆ, ಒಂದು ಕಣ್ಣು ಮುಚ್ಚಿ ನೋಡಿ ರಸ್ತೆ ಇಲ್ಲಿ ಎಷ್ಟು ತಗ್ಗು, ಅಲ್ಲಿ ಎಷ್ಟು ಉಬ್ಬು ಎಂದು ಅಂಗುಲದ ಲೆಕ್ಕದಲ್ಲಿ ಹೇಳಬಲ್ಲೆ. ಲೇಪಾಕ್ಷಿ ದಾರಿಯ ಏರಿಳಿತವೆಲ್ಲ ನನ್ನ ಪುಸ್ತಕದಲ್ಲಿತ್ತು. ಇಂಥವನು ಮೂರಡಿ ಉದ್ದದ ಒಂದು ಗಾಜಿನ ತೊಟ್ಟಿಯನ್ನು ತನ್ನ ಮನೆಯ ಹಾಲಿನಲ್ಲಿ ಮಟ್ಟವಾಗಿ ನಿಲ್ಲಿಸಲಾರದೆ ಎರಡು ತಿಂಗಳು ಒದ್ದಾಡಿದ ಎಂದರೆ ನೀವು ನಂಬಲಿಕ್ಕಿಲ್ಲ. ಆದರೂ ಹೇಳಿಬಿಡುತ್ತೇನೆ.

ಮೀನು ಸಾಕುವ ಹುಚ್ಚು ನನಗೆ ಹಿಡಿದದ್ದು ಅನಂತಪುರದಲ್ಲಿ, ಸಾಹೇಬರೊಬ್ಬರ ಮನೆಗೆ ಫೈಲು ಕೊಡಲು ಹೋದಾಗ. ಆ ಫೈಲಿನಲ್ಲಿ ಒಂದು ತಪ್ಪಿತ್ತು, ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ಸಾಹೇಬರು ಗಾಜಿನ ತೊಟ್ಟಿಯ ಮುಂದೆ ಕೂತು ಕೆಂಪು ಮೀನು ನೋಡುತ್ತಾ, ‘ಇಟ್ಟು ಹೋಗಿ’ ಎಂದರು, ಅಷ್ಟೇ. ಮೀನು ನೋಡುತ್ತಿದ್ದರೆ ಬಿ.ಪಿ. ಇಳಿಯುತ್ತದೆ ಎಂದು ಅವರೇ ಹೇಳಿದರು. ನನಗೆ ಬಿ.ಪಿ. ಇರಲಿಲ್ಲ, ಆದರೂ ಮುಂದಕ್ಕೆ ಬೇಕಾದೀತು ಎಂದು ಬೆಂಗಳೂರಿಗೆ ಹೋಗಿ ತೊಟ್ಟಿ ಕೊಂಡು, ಆರು ಮೀನುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಸಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರು ನಮ್ಮದು. ತೊಟ್ಟಿ ತುಂಬಲು ಎಂಟು ಬಿಂದಿಗೆ ಬೇಕಾಯಿತು. ನನ್ನ ಹೆಂಡತಿ ಸರೋಜ ಎಂಟನೆಯ ಬಿಂದಿಗೆ ಎತ್ತಿ ಕೊಡುತ್ತಾ, “ಈ ಮೀನು ಸಾರಿಗೂ ಬರಾಕಿಲ್ಲ, ಸಂತೆಗೂ ಬರಾಕಿಲ್ಲ” ಎಂದು ಮಾತ್ರ ಹೇಳಿದಳು. ನಾವು ಮೀನು ತಿನ್ನುವವರಲ್ಲ, ಆದರೂ ಆ ಮಾತಿನಲ್ಲಿ ನ್ಯಾಯವಿತ್ತು.

ಈಗ ಕಾರ್ಪೆಟ್ಟಿನ ವಿಷಯಕ್ಕೆ ಬರಬೇಕು. ಸರೋಜಳ ತವರು ಕಲ್ಯಾಣದುರ್ಗ. ನಮ್ಮ ಮಾವ ನಾರಾಯಣಪ್ಪನವರು ಜೀವಮಾನವೆಲ್ಲ ರೇಷ್ಮೆ ಸೀರೆ ನೇಯ್ದವರು. ಅರವತ್ತು ದಾಟಿದ ಮೇಲೆ ಊರಿನಲ್ಲಿ ಯಾರೋ ಕಾರ್ಪೆಟ್ ನೇಯುವುದನ್ನು ಕಲಿಸಿಕೊಡುತ್ತಾರೆಂದು ಗೊತ್ತಾಗಿ, ಹುಡುಗರ ಜೊತೆ ಕೂತು ಆರು ತಿಂಗಳು ಕಲಿತರು. ಕಲಿತ ಮೇಲೆ ಒಂದೇ ಒಂದು ಕಾರ್ಪೆಟ್ ನೇಯ್ದರು, ಅದು ನಮ್ಮ ಹಾಲಿಗೆ. ಅದಕ್ಕೆಂದೇ ಬಂದು ಮೊಣಕಾಲೂರಿ, ಮೊಳದ ಲೆಕ್ಕದಲ್ಲಿ ಗೋಡೆಯಿಂದ ಗೋಡೆಗೆ ಅಳೆದುಕೊಂಡು ಹೋಗಿದ್ದರು. ಕುಂದುರ್ಪಿ ಕಡೆಯ ಕುರಿ ಉಣ್ಣೆ, ದಾಳಿಂಬೆ ಬಣ್ಣ, ಅಂಚಿನಲ್ಲಿ ಸೀರೆಯ ಹಾಗೇ ಒಂದು ಸಣ್ಣ ಬಾರ್ಡರು. ಎರಡು ವರ್ಷದ ಹಿಂದೆ ಬಸ್ಸಿನ ಮೇಲೆ ಹಾಕಿಸಿ ಕಳಿಸಿದ್ದರು. ಗೋಡೆಯಿಂದ ಗೋಡೆಗೆ ಅಳತೆ ಹಿಡಿದಂತೆ ಕೂತಿತು. ಯುಗಾದಿಗೂ ದೀಪಾವಳಿಗೂ ಬಿಟ್ಟರೆ ಅದನ್ನು ಯಾರೂ ಎತ್ತುವಂತಿರಲಿಲ್ಲ. ಹಿಂದೂಪುರದಲ್ಲಿ ಇಂಥ ಕಾರ್ಪೆಟ್ ಇರುವ ಮನೆ ನಮ್ಮದೊಂದೇ ಎಂದು ಸರೋಜ ನಂಬಿದ್ದಳು. ನಾನೂ ಆ ನಂಬಿಕೆಗೆ ಅಡ್ಡ ಬಂದಿರಲಿಲ್ಲ.

ತೊಟ್ಟಿಯನ್ನು ಆ ಕಾರ್ಪೆಟ್ಟಿನ ಮೇಲೆ, ಕಿಟಕಿಯ ಪಕ್ಕ ಇಟ್ಟೆವು. ಮೀನಿನ ತೊಟ್ಟಿಯ ಕಷ್ಟ ಇದು. ಬೀರು ಓರೆಯಾಗಿದ್ದರೆ ಯಾರಿಗೂ ಕಾಣುವುದಿಲ್ಲ, ಮಂಚ ಓರೆಯಾಗಿದ್ದರೆ ಮಲಗಿದವನಿಗೆ ಮಾತ್ರ ಗೊತ್ತು. ತೊಟ್ಟಿ ಓರೆಯಾದರೆ ನೀರು ಮನೆಗೆ ಬಂದವರಿಗೆಲ್ಲ ಸಾರಿ ಹೇಳುತ್ತದೆ. ನೀರು ಎಡಗಡೆ ಗಾಜಿನ ಅಂಚಿಗೆ ಕಾಲು ಅಂಗುಲ ಹತ್ತಿರ, ಬಲಗಡೆ ಕಾಲು ಅಂಗುಲ ದೂರ. ‘ಏನು ಸಾರ್, ಲೆವೆಲ್ ನೋಡೋರ ಮನೇಲೇ ಹಿಂಗಾ?’ ಎಂದು ಆಫೀಸಿನವರು ಕೇಳಿ ಹೋದರು. ಸ್ಟ್ಯಾಂಡಿನ ಎಡಗಾಲುಗಳ ಕೆಳಗೆ ಪೋಸ್ಟ್ ಕಾರ್ಡ್ ಮಡಿಸಿ ಇಟ್ಟೆ. ಅದು ಉಣ್ಣೆಯೊಳಗೆ ಮುಳುಗಿಹೋಯಿತು. ಬೆಂಕಿಪೊಟ್ಟಣ ಇಟ್ಟೆ, ಅಪ್ಪಚ್ಚಿಯಾಯಿತು. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಇಟ್ಟ ಮೇಲೆ ಮಟ್ಟವಾಯಿತು, ಆದರೆ ಯಾರಾದರೂ ನಡೆದರೆ ಸ್ಟ್ಯಾಂಡ್ ತೂಗಾಡಿ ನೀರು ಆ ಕಡೆ ಈ ಕಡೆ ಹೊಯ್ದಾಡುತ್ತಿತ್ತು. ಪ್ರತಿ ಸಲ ತೊಟ್ಟಿಯ ನೀರು ತೋಡಿ, ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಮತ್ತೆ ತುಂಬಬೇಕು. ಮೀನು ನೋಡಿ ಇಳಿಯಬೇಕಾಗಿದ್ದ ಬಿ.ಪಿ. ನನಗೆ ಆಗ ಹೊಸದಾಗಿ ಶುರುವಾಗಿರಬೇಕು.

ಒಂದು ಭಾನುವಾರ, ವಿದ್ಯೆ ಇರುವುದೇ ಇಂಥ ಹೊತ್ತಿಗೆ ಎಂದು ಆಫೀಸಿನ ಲೆವೆಲ್ ಯಂತ್ರವನ್ನೇ ಮನೆಗೆ ತಂದೆ. ಅದಕ್ಕೆ ಹತ್ತಿರದ್ದು ಕಾಣಿಸುವುದಿಲ್ಲ, ಆದ್ದರಿಂದ ಬೀದಿಯಲ್ಲಿ ನಿಲ್ಲಿಸಿ, ತೆರೆದ ಬಾಗಿಲಿನಿಂದ ಹಾಲಿನೊಳಕ್ಕೆ ನೋಡಬೇಕಾಯಿತು. ಸರೋಜ ಒಳಗೆ ಕೋಲು ಹಿಡಿದು ನಿಂತಳು. ಎದುರು ಮನೆಯ ರುದ್ರಪ್ಪನವರು ಹುಣಸೆಹಣ್ಣಿನ ಮಂಡಿಯವರು. ಅವರ ಮನೆಯ ಮುಂದಿನ ಕಟ್ಟೆ ಚರಂಡಿಯನ್ನು ದಾಟಿ ಎರಡಡಿ ರಸ್ತೆಗೆ ಬಂದಿತ್ತು. ಯಂತ್ರ ಕಂಡವರೇ ಪಂಚೆ ಎತ್ತಿ ಕಟ್ಟಿಕೊಂಡು ಬಂದರು. “ಸಾರ್, ರೋಡ್ ಅಗಲ ಮಾಡ್ತಾರಂತಾ? ನಮ್ ಕಟ್ಟೆ ಹೋಯ್ತದಾ?” ಎಂದರು. ಇಲ್ಲ, ನಮ್ಮ ಮನೆಯ ಮೀನಿಗೋಸ್ಕರ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. “ಹೇಳಾಕಾಗದಿದ್ರೆ ಬುಡಿ ಸಾರ್, ಮೀನು ಗೀನು ಅಂತ ಯಾಕೆ ಹೇಳ್ತೀರಾ” ಎಂದು ಬೇಜಾರಿನಿಂದ ಹೋದರು. ಸಂಜೆಯೊಳಗೆ ಬೀದಿಯ ಮೂರು ಕಟ್ಟೆಗಳ ಯಜಮಾನರು ಬಂದು ಕಾಫಿ ಕುಡಿದು ನನ್ನ ಆರೋಗ್ಯ ವಿಚಾರಿಸಿದರು. ಅವರೆಲ್ಲರಿಗೂ ತೊಟ್ಟಿ ತೋರಿಸಿದೆ. ಯಾರೂ ನಂಬಲಿಲ್ಲ.

ಅಳತೆಯೇನೋ ಸಿಕ್ಕಿತು. ಹಾಲಿನ ಒಂದು ಗೋಡೆಯಿಂದ ತೊಟ್ಟಿಯ ಕಡೆಯ ಗೋಡೆಗೆ ಒಂದೂವರೆ ಅಂಗುಲ ತಗ್ಗು. ನೆಲ ಕಡಪ ಬಂಡೆಯದು, ಮೇಸ್ತ್ರಿ ರಸಮಟ್ಟ ಇಟ್ಟು ಹಾಸಿದ್ದು, ಬಂಡೆ ತಗ್ಗಾಗಲು ಹೇಗೆ ಸಾಧ್ಯ? ಹಾಗಾದರೆ ತಪ್ಪು ಬಂಡೆಯ ಮೇಲಿರುವುದರದ್ದು. ಇಷ್ಟು ಸ್ಪಷ್ಟವಾದ ತರ್ಕ ಹೊಳೆದ ಸಂತೋಷದಲ್ಲಿ ನಾಲಿಗೆಗೆ ಕಡಿವಾಣ ಇರಲಿಲ್ಲ. “ನೋಡು ಸರೋಜ, ನಿಮ್ಮಪ್ಪನಿಗೆ ಈ ಕಡೆಗೆ ಬರೋ ಹೊತ್ತಿಗೆ ಉಣ್ಣೆ ಸಾಲದೆ ಬಂದಿರಬೇಕು. ತೆಳ್ಳಗೆ ನೇಯ್ದುಬಿಟ್ಟಿದ್ದಾರೆ” ಎಂದೆ. ಸರೋಜ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಅಂದಿನಿಂದ ಮನೆಯಲ್ಲಿ ಮಾತು ಊಟಕ್ಕೆ ಕರೆಯುವಷ್ಟಕ್ಕೆ ಇಳಿಯಿತು. ಮೂರನೆಯ ದಿನ ಅಂಟಿಸಿದ ಒಂದು ಇನ್‌ಲ್ಯಾಂಡ್ ಲೆಟರ್ ನನ್ನ ಕೈಗೆ ಕೊಟ್ಟು, “ಆಫೀಸಿಗೆ ಹೋಗ್ತಾ ಡಬ್ಬಿಗೆ ಹಾಕಿ” ಎಂದಳು. ಹಾಕಿದೆ. ಒಳಗೇನು ಬರೆದಿದ್ದಾಳೆಂದು ತಿಳಿದಿದ್ದರೆ ಹಾಕುತ್ತಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಕಲ್ಯಾಣದುರ್ಗದ ಮೊದಲ ಬಸ್ಸಿಗೆ ಮಾವ ಇಳಿದರು. ಕೈಯಲ್ಲಿ ಒಂದು ಚೀಲ, ಮುಖದಲ್ಲಿ ನಗುವಿಲ್ಲ. ಕಾಲು ತೊಳೆದುಕೊಂಡು ಬಂದು, ನೀರನ್ನೂ ಕುಡಿಯದೆ ಕಾರ್ಪೆಟ್ಟಿನ ಮೇಲೆ ಕೂತು ಅಂಗೈಯಿಂದ ಸವರಿದರು. “ಮಗ್ಗದ ಮೇಲೆ ಅರ್ಧ ಸೀರೆ ಬುಟ್ಟು ಬಂದಿವ್ನಿ. ಎಲ್ಲಿ ತೆಳ್ಳಗೈತೆ, ತೋರ್ಸಿ ಅಳಿಯಂದ್ರೆ” ಎಂದರು. ನಾನು ಪುಸ್ತಕ ತಂದು ಅಂಕಿ ತೋರಿಸಲು ಹೋದೆ. ಅವರು ಪುಸ್ತಕ ನೋಡಲಿಲ್ಲ. ತೊಟ್ಟಿಯ ನೀರೆಲ್ಲ ತೋಡಿಸಿ, ಸ್ಟ್ಯಾಂಡ್ ಸಮೇತ ಎತ್ತಿಸಿ, ಕಾರ್ಪೆಟ್ಟನ್ನು ಅದರಡಿಯಿಂದ ಎಳೆದುಕೊಂಡರು. ಆ ಕಡೆಯ ಅಂಚನ್ನೂ ಈ ಕಡೆಯ ಅಂಚನ್ನೂ ಎತ್ತಿ ತಂದು ಒಂದರ ಪಕ್ಕ ಒಂದಿಟ್ಟು, “ಕಣ್ ಮುಚ್ಕಳಿ. ಎರಡ್ನೂ ಹೆಬ್ಬೆಟ್ಟಲ್ಲಿ ಹಿಡಿದು ನೋಡಿ, ಯಾವ್ದು ತೆಳ್ಳಗೈತೆ ಹೇಳಿ” ಎಂದರು. ಲೆವೆಲ್ ನೋಡಲು ಒಂದು ಕಣ್ಣು ಮುಚ್ಚಿ ಅಭ್ಯಾಸವಿದ್ದವನು ಎರಡೂ ಮುಚ್ಚಿದೆ. ತುಂಬ ಹೊತ್ತು ಹಿಸುಕಿ ನೋಡಿ, “ಎಡಗೈಲಿರೋದು” ಎಂದೆ. “ಅದು ನೀವು ದಪ್ಪ ಅಂತ ಬರ್ಕಂಡಿರೋ ಕಡೇದು ಕಣಪ್ಪ” ಎಂದರು ಮಾವ. ಅವರು ಕೋಪದಿಂದ ಹೇಳಿದ್ದರೆ ಚೆನ್ನಾಗಿತ್ತು. ಬಹಳ ಮೆತ್ತಗೆ ಹೇಳಿದರು. ಐವತ್ತು ವರ್ಷ ದಾರ ಹಿಡಿದು ಗಂಟುಗಟ್ಟಿದ ಆ ಬೆರಳುಗಳನ್ನು ನೋಡಿ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಆಮೇಲೆ ಅವರು, “ಒಂದ್ ಚೊಂಬು ನೀಳ್ಳು ತಾ ಅಮ್ಮಾ” ಎಂದು ಮಗಳಿಂದ ನೀರು ತರಿಸಿ, ಕಾರ್ಪೆಟ್ ಸರಿಸಿದ ಬಂಡೆಯ ಮೇಲೆ ಸುರಿದರು. ನೀರು ಒಂದು ಕ್ಷಣ ಯೋಚಿಸಿದಂತೆ ನಿಂತು, ಸೀದಾ ತೊಟ್ಟಿಯ ಕಡೆಗೆ ಹೊರಟಿತು. ಸ್ಟ್ಯಾಂಡಿನ ಕಾಲು ಬಳಸಿಕೊಂಡು ಮೂಲೆಗೆ ಹೋಗಿ, ಗೋಡೆಯ ಬುಡದಲ್ಲಿ ಬಟ್ಟೆ ತುರುಕಿದ್ದ ಒಂದು ತೂತಿನ ಮುಂದೆ ನಿಂತಿತು. ಆ ತೂತನ್ನು ನಾನು ಅವತ್ತೇ ನೋಡಿದ್ದು. “ವಾಟ ಕಣಪ್ಪ. ಮನೆ ತೊಳೆದ ನೀರು ಎಲ್ಲಿಗೋಗ್ಬೇಕು? ಮೇಸ್ತ್ರಿ ಬೇಕಂತಲೇ ಇಳಿಜಾರು ಕೊಟ್ಟವ್ನೆ. ರೋಡಿಗೆ ನೀವು ಕೊಡಾಕಿಲ್ವಾ?” ಎಂದರು ಮಾವ. ಕೊಡುತ್ತೇವೆ. ಮಳೆ ನೀರು ನಿಲ್ಲಬಾರದೆಂದು ಪ್ರತಿಯೊಂದು ರಸ್ತೆಗೂ ಕೊಡುತ್ತೇವೆ, ಅದನ್ನು ಅಳೆಯುವುದೇ ನನ್ನ ಕೆಲಸ. ಮನೆಯೊಳಗೂ ನೀರು ಹರಿಯುತ್ತದೆಂದು ನನಗೆ ತೋಚಿರಲಿಲ್ಲ.

ತೊಟ್ಟಿ ನಿಲ್ಲಿಸುವುದು ಅವರಿಗೆ ಅರ್ಧ ಗಂಟೆಯ ಕೆಲಸವಾಯಿತು. ನೆಲ ಒರೆಸಿ ಕಾರ್ಪೆಟ್ ಮತ್ತೆ ಹಾಸಿಸಿ, ನಾಲ್ಕು ಕಾಲಿಗೂ ಸೇರಿ ಒಂದೇ ದಪ್ಪ ಹಲಗೆಯನ್ನು ಕಾರ್ಪೆಟ್ಟಿನ ಮೇಲೆ ಹಾಕಿದರು. ಒಂದೊಂದು ಕಾಲು ಒಂದೊಂದು ಕಡೆ ಮುಳುಗಬಾರದಂತೆ, ಭಾರ ಹಲಗೆಯ ತುಂಬ ಹರಡಬೇಕಂತೆ. ತಗ್ಗಿನ ಕಡೆಯ ಎರಡು ಕಾಲಿನ ಕೆಳಗೆ, ಹಲಗೆಯ ಮೇಲೆ, ಮರದ ಚಕ್ಕೆ ಬಡಿದರು. ಮಗ್ಗಕ್ಕೂ ಹೀಗೇ, ಅಲುಗಾಡಿದರೆ ಸೀರೆ ಸೊಟ್ಟ ಬರುತ್ತದೆ ಎಂದರು. ತುಂಬಿದ ಮೇಲೆ ನೀರು ಗಾಜಿನ ಅಂಚಿಗೆ ಗೆರೆ ಎಳೆದಂತೆ ನಿಂತಿತು. ನಾನು ಅವರ ಮುಂದೆ, “ತಪ್ಪಾಯ್ತು ಮಾವ, ಹಾಗೆ ಅನ್ನಬಾರದಿತ್ತು” ಎಂದೆ. “ಬುಡಪ್ಪ, ಹಂಗಾದ್ರೂ ಬಂದಂಗಾಯ್ತು” ಎಂದು ಚೀಲದಿಂದ ಮಗಳಿಗೆ ತಂದಿದ್ದ ಕಡಲೆಕಾಯಿ ಉಂಡೆ ತೆಗೆದರು. ಸಂಜೆಯ ಬಸ್ಸಿಗೆ ಹೊರಡುವೆನೆಂದವರು ಎಂಟು ದಿನ ಇದ್ದರು. ತೊಟ್ಟಿಯ ಮುಂದೆ ಕೂತು ಮಗಳ ಜೊತೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡಿದ್ದೇ ಮಾತಾಡಿದ್ದು. ಸರೋಜ ಅಷ್ಟು ನಕ್ಕಿದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬರುವಾಗ, ಎಂಟು ದಿನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಯನ್ನು ಸರೋಜಳಿಗೆ ಕೇಳಿಯೇಬಿಟ್ಟೆ. “ಅಲ್ಲ, ಆ ನೆಲ ವಾಟ ಇರೋದು ನಿನಗೆ ಗೊತ್ತಿರಲಿಲ್ವಾ?”

“ಕಾರ್ಪೆಟ್ ಬರೋ ತನಕ ಒಂಬತ್ತು ವರ್ಷ ಶುಕ್ರವಾರ ಶುಕ್ರವಾರ ತೊಳ್ದಿವ್ನಿ” ಎಂದಳು ಸರೋಜ. “ಗೊತ್ತಿಲ್ದೆ ಏನು?”

“ಮತ್ತೆ ನಾನು ಬೀದೀಲಿ ಯಂತ್ರ ಇಟ್ಕೊಂಡು ಮಾನ ಕಳ್ಕೊಳ್ಳೋವಾಗ ಹೇಳೋದಲ್ವಾ?”

“ಹೇಳಾನ ಅಂತಲೇ ಇದ್ದೆ. ಅಷ್ಟರಾಗೆ ನೀವು ಅಪ್ಪನ ನೇಯ್ಗೆ ಮೇಲೆ ಮಾತಾಡಿದ್ರಿ. ಬಂದೋಗಪ್ಪ, ನೋಡ್ಬೇಕು ಅನ್ಸ್ತೈತೆ ಅಂತ ಎರಡು ವರ್ಷದಿಂದ ಬರೀತಾ ಇವ್ನಿ. ಈ ಸೀರೆ ಮುಗೀಲಿ ಬತ್ತೀನಿ, ಆ ಸೀರೆ ಮುಗೀಲಿ ಬತ್ತೀನಿ ಅಂತಲೇ ಜವಾಬು. ನಿಮ್ಮ ಅಳಿಯ ನೇಯ್ಗೆ ಸರಿಯಿಲ್ಲ ಅಂತವ್ರೆ ಅಂತ ಬರೆದೆ ನೋಡಿ, ಸೀರೆ ಅರ್ಧಕ್ಕೇ ಬುಟ್ಟು ಬಂದ್ಬುಟ್ರು.”

ಆ ಕಾಗದವನ್ನು ನನ್ನ ಕೈಯಿಂದಲೇ ಡಬ್ಬಿಗೆ ಹಾಕಿಸಿದ್ದಳು. ಅಂದು ಒಂದು ಪಾಠ ಕಲಿತೆ. ಈಗ ನಮ್ಮ ಮನೆಯಲ್ಲಿ ಏನಾದರೂ ಕೆಟ್ಟು, ಸರೋಜ ಏನೂ ಹೇಳದೆ ನನ್ನನ್ನು ಒದ್ದಾಡಲು ಬಿಟ್ಟು ಸುಮ್ಮನೆ ನೋಡುತ್ತಿದ್ದರೆ, ನಾನು ರಿಪೇರಿಗೆ ಕೈ ಹಾಕುವುದಿಲ್ಲ. ಅವಳ ತವರಿನವರಲ್ಲಿ ಯಾರು ಬಂದು ಬಹಳ ದಿನವಾಯಿತು ಎಂದು ಯೋಚಿಸಿ, ಬರುವಂತೆ ನಾನೇ ಒಂದು ಕಾಗದ ಬರೆದು ಹಾಕಿಬಿಡುತ್ತೇನೆ.